ಮೊಗ್ಗು ಬಲಿಯುವ ತನಕ

ಬೀಗ ತೆಗೆದರೂ ಬಾಗಿಲು ಜಗ್ಗಲಿಲ್ಲ. ದಾನಪ್ಪ ಭುಜ ಕೊಟ್ಟು ನೂಕಿದ ಮೇಲೆ ಗಾಜಿನಮನೆಯ ಹಿಂಬಾಗಿಲು ತೆರೆದುಕೊಂಡಿತು. ಜೂನ್ ತಿಂಗಳ ಬೆಳಗಿನ ಐದು ಗಂಟೆ. ಐರೀನ್ ಕಪ್ಪು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬುಟ್ಟಿ ಹಿಡಿದು ಒಳಗೆ ಹೋದರು. ಮಧ್ಯಾಹ್ನ ಒಂದಕ್ಕೆ ಹೇಸ್ ಊರಿನ ಚರ್ಚಿನಲ್ಲಿ ಗಂಡನ ಮರಣದ ಪೂಜೆ. ಶವಪೆಟ್ಟಿಗೆಯ ಮೇಲೆ ಅಂಗಡಿಯ ಹೂವಿನ ಒಂದು ಎಸಳೂ ಬೀಳಕೂಡದು, ವಿಲ್‌ಫ್ರೆಡ್ ಬೆಳೆಸಿದ ಮಲ್ಲಿಗೆಯೇ ಆಗಬೇಕು ಎಂದು ಹಟ ಹಿಡಿದವರು ಅವರೇ.

ನಿನ್ನೆ ಸಂಜೆ ನೋಡಿದಾಗ ಮೊಗ್ಗುಗಳಿನ್ನೂ ಹಸಿರಾಗಿದ್ದವು. ಹಸಿರು ಮೊಗ್ಗು ಕಿತ್ತರೆ ಅರಳುವುದಿಲ್ಲ, ಸುಮ್ಮನೆ ಬಾಡುತ್ತದೆ. ಮಗಳು ಅನ್ನೆಟ್ ಫೋನ್ ಕೈಯಲ್ಲೇ ಹಿಡಿದು, ಹೂವಿನಂಗಡಿಗೆ ಈಗಲೂ ಹೇಳಬಹುದು ಎಂದು ಇಂಗ್ಲಿಷಿನಲ್ಲಿ ಮೂರನೆಯ ಸಲ ನೆನಪಿಸಿದಳು.

"ಅಕ್ಕಾರ, ಹೂ ಬಿಳಿ ಆಗಿರಲಿಲ್ಲಂದ್ರ ಏನ್ ಮಾಡೂದ್ರೀ?" ದಾನಪ್ಪನಿಗೂ ಪುಕಪುಕ.

"ಆಗಿರ್ತದೆ," ಎಂದರು ಐರೀನ್. ಹೇಳಿದಷ್ಟು ಧೈರ್ಯ ಹೊಟ್ಟೆಯೊಳಗೆ ಇರಲಿಲ್ಲ.

*

ಇಂಗ್ಲಿಷರ ರಾಜನಿಗೆ ಹುಚ್ಚು ಹಿಡಿದು ಅವನ ಬದಲು ಮಗ ಆಳುತ್ತಿದ್ದ ಕಾಲದಲ್ಲಿ, ಇನ್ನೂರು ವರ್ಷಗಳ ಹಿಂದೆ, ಒಬ್ಬ ಸಾಹುಕಾರ ಕಟ್ಟಿಸಿದ ಗಾಜಿನಮನೆ ಅದು. ಜನವರಿಯ ಚಳಿಯಲ್ಲಿ ಅವನ ಮನೆಯ ಹೆಂಗಸರು ತೆಳು ಚಪ್ಪಲಿ ಮೆಟ್ಟಿ ಹೂಗಳ ನಡುವೆ ಸುಳಿದಾಡುತ್ತಿದ್ದರಂತೆ. ಗೋಡೆಯ ಹಿಂದೆ ಹಗಲಿರುಳು ಬೆಂಕಿ ಉರಿಸುತ್ತಿದ್ದ ಮಾಲಿ ಮಾತ್ರ ಯಾರ ಕಣ್ಣಿಗೂ ಬೀಳಬಾರದು, ಅವನಿಗೆ ಹಿಂಬಾಗಿಲೇ ಗತಿ. ಹೀಥ್ರೂ ವಿಮಾನ ನಿಲ್ದಾಣದಲ್ಲಿ ಮೂವತ್ತು ವರ್ಷ ಪ್ರಯಾಣಿಕರ ಪೆಟ್ಟಿಗೆ ಎತ್ತಿ ನಿವೃತ್ತನಾದ ವಿಲ್‌ಫ್ರೆಡ್ ಗೆಳೆಯ ದಾನಪ್ಪನ ಜೊತೆ ಅಲ್ಲಿ ಸಂಬಳವಿಲ್ಲದ ಕೆಲಸಕ್ಕೆ ಸೇರಿಕೊಂಡ.

ಗಾಜಿನಮನೆ ನೋಡಿಕೊಳ್ಳುವವರು ಸಾಹುಕಾರನ ಹಳೆಯ ಪಟ್ಟಿಯಲ್ಲಿದ್ದ ಗಿಡಗಳನ್ನೇ ಹುಡುಕಿ ತಂದು ನೆಟ್ಟಿದ್ದರು. ಅದರಲ್ಲೊಂದು ಗಿಡ ಗೋಡೆಯುದ್ದಕ್ಕೂ ಹಬ್ಬಿ ಬರೀ ಎಲೆಯಲ್ಲೇ ಮೆರೆಯುತ್ತಿತ್ತು. ವಿಲ್‌ಫ್ರೆಡ್ ಎಲೆ ಮುಟ್ಟಿದವನೇ ನಕ್ಕುಬಿಟ್ಟ. ಅವನ ಊರು ಶಂಕರಪುರದಲ್ಲಿ ತಾಯಿ ಮನೆ ನಡೆಸಿದ್ದೇ ಆ ಮಲ್ಲಿಗೆಯಿಂದ. ಗೆಲ್ಲು ಸವರಿ ಎಲೆಯನ್ನೆಲ್ಲ ಕಿತ್ತು ಬೋಳು ಮಾಡಿದರೆ ಮಾತ್ರ ಅದು ಮೈತುಂಬ ಬಿಡುತ್ತದೆ ಎಂದು ಉಸ್ತುವಾರಿ ಮಿಸೆಸ್ ಹಾರ್ಡಿಂಗ್‌ಗೆ ಆರು ವರ್ಷ ಹೇಳಿದ. ಚರಿತ್ರೆಯ ಗಿಡಕ್ಕೆ ಕತ್ತರಿ ಹಾಕುವಂತಿಲ್ಲ ಎಂದು ಆಕೆ ಆರು ವರ್ಷವೂ ಅಡ್ಡಡ್ಡ ತಲೆಯಾಡಿಸಿದಳು.

ಈ ಏಪ್ರಿಲಿನಲ್ಲಿ ಡಾಕ್ಟರು ಇನ್ನು ಬದುಕುವುದು ಎರಡೇ ತಿಂಗಳು ಎಂದರು. ಮಾರನೆಯ ದಿನ ವಿಲ್‌ಫ್ರೆಡ್ ಯಾರನ್ನೂ ಕೇಳದೆ ಗಿಡವನ್ನು ಬೋಳಿಸಿ ಬಂದ. ಮನೆಗೆ ಬಂದವನ ಉಗುರೆಲ್ಲ ಹಸಿರು, ಮುಖದ ತುಂಬ ಕಳ್ಳನಗು.

"ಏಳು ವಾರಕ್ಕೆ ಹೂ," ಎಂದ ಹೆಂಡತಿಗೆ. "ನಾನಿಲ್ಲದಿದ್ರೆ ನೀನು ಹೋಗಿ ನೋಡು."

ಮಿಸೆಸ್ ಹಾರ್ಡಿಂಗ್ ಗಿಡ ಸತ್ತೇಹೋಯಿತೆಂದು ಅವನ ಕೀಲಿಕೈ ಕಸಿದುಕೊಂಡಳು, ದಾನಪ್ಪನದನ್ನು ಮಾತ್ರ ಬಿಟ್ಟಳು, ಕಿತ್ತೆಸೆಯಲು ದಿನ ಗೊತ್ತು ಮಾಡಿದಳು. ಐರೀನ್ ತಮ್ಮ ಹರಕುಮುರುಕು ಇಂಗ್ಲಿಷಿನಲ್ಲೇ ಹೋಗಿ ವಾದಿಸಿದರು. ಜೂನ್ ಹದಿನೈದರವರೆಗೆ ಗಡುವು ಸಿಕ್ಕಿತು. ಅಷ್ಟರೊಳಗೆ ಹೂವೇನಾದರೂ ಬಂದರೆ ಎಲ್ಲವನ್ನೂ ನೀವೇ ಕೊಯ್ದುಕೊಳ್ಳಿ ಎಂದು ಆಕೆ ಹೇಳಿದ್ದರಲ್ಲಿ ಕೊಂಕೇ ಹೆಚ್ಚಿತ್ತು.

ವಿಲ್‌ಫ್ರೆಡ್ ಮೇ ಕೊನೆಯಲ್ಲಿ ತೀರಿಕೊಂಡ. ಶವಸಂಸ್ಕಾರದವರು ಜೂನ್ ಐದಕ್ಕೆ ಆಗಬಹುದೆಂದರು. ಐರೀನ್ ಬಸ್ಸು ಹಿಡಿದು ಹೋಗಿ ಗಿಡ ನೋಡಿದರು. ಮೊಗ್ಗು ಅಕ್ಕಿಕಾಳಿನಷ್ಟಿತ್ತು. ಇನ್ನೊಂದು ವಾರ ಬೇಕು ಎಂದುಬಿಟ್ಟರು. ಊರಿನಲ್ಲಿ ಮರುದಿನವೇ ಮಣ್ಣು ಮಾಡುವ ಜನ, ಗಂಡನನ್ನು ಐಸಿನಲ್ಲಿಟ್ಟು ಹೂವಿಗೆ ಕಾಯುತ್ತಾಳೆಂದು ಚರ್ಚಿನ ಅಂಗಳದಲ್ಲಿ ಆಡಿಕೊಂಡರು. ಐರೀನ್‌ಗೆ ಅದು ಕೇಳಿಸಿತು, ನೋವೂ ಆಯಿತು, ದಿನ ಮಾತ್ರ ಬದಲಿಸಲಿಲ್ಲ.

*

ಒಳಗೆ ಮಬ್ಬು, ಗಾಜಿನ ಮೇಲೆಲ್ಲ ಬೆವರು. ಐರೀನ್ ಚಿಗುರೆಲೆ ಸರಿಸಿ ಕೈ ಹಾಕಿದರು. ಬೆರಳಿಗೆ ಮೊಗ್ಗು ತಣ್ಣಗೆ, ತುಂಬಿಕೊಂಡು ಸಿಕ್ಕಿತು. ಬೆಳಕಿಗೆ ಹಿಡಿದರು. ಬಿಳಿ. ಪಕ್ಕದ್ದೂ ಬಿಳಿ. ಅನ್ನೆಟ್ ಫೋನಿನ ದೀಪ ಹಾಕಿದಳು, ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಬಿಳಿ.

"ವಿಲ್ಲಿ ಅಣ್ಣಾರು ಗೆದ್ರು ನೋಡ್ರಿ," ಎಂದು ದಾನಪ್ಪ ಅಲ್ಲೇ ಇಟ್ಟಿಗೆಯ ಮೇಲೆ ಕುಕ್ಕರಿಸಿ ಅತ್ತುಬಿಟ್ಟ. ಗಂಡ ಸತ್ತ ದಿನ ಅಳದ ಐರೀನ್ ಕೂಡ ಅತ್ತರು, ಆದರೆ ಕೈ ನಿಲ್ಲಿಸಲಿಲ್ಲ. ಬಿಸಿಲೇರುವ ಮುನ್ನ ಕೊಯ್ದು ಮುಗಿಸಬೇಕಲ್ಲ.

ಎಂಟುನೂರು ಹೂವಿನ ಮಾಲೆ ಸುತ್ತಿದರೆ ಒಂದು ಚೆಂಡು, ಅದು ಶಂಕರಪುರದ ಲೆಕ್ಕ. ಒಂದು ಚೆಂಡು ಕಟ್ಟಿಯೂ ಬುಟ್ಟಿಯಲ್ಲಿ ಹೂ ಉಳಿಯಿತು. ದಾನಪ್ಪ ಅಲ್ಲಿನ ಬಾಳೆಯ ಒಣಪಟ್ಟೆ ತಂದು ನೆನೆಸಿ ನಾರು ಸೀಳಿಕೊಟ್ಟ. ಫೋನ್ ಬದಿಗಿಟ್ಟು ಅನ್ನೆಟ್ ಕಟ್ಟಲು ಕುಳಿತಳು. ಅವಳು ಹಾಕಿದ ಗಂಟೆಲ್ಲ ಸಡಿಲ. ಐರೀನ್ ಬಿಚ್ಚಿಸಲಿಲ್ಲ, ಅದನ್ನೂ ಸೇರಿಸಿಕೊಂಡರು.

*

ಪೂಜೆ ಮುಗಿಯುವ ಹೊತ್ತಿಗೆ ಆಡಿಕೊಂಡವರ ಬಾಯಿ ಕಟ್ಟಿಹೋಗಿತ್ತು. ಪೆಟ್ಟಿಗೆಯ ಉದ್ದಕ್ಕೂ ಅಡ್ಡಕ್ಕೂ ಮಲ್ಲಿಗೆ ಶಿಲುಬೆಯಾಗಿ ಮಲಗಿತ್ತು. ಅತಿ ಹೆಚ್ಚು ಆಡಿಕೊಂಡಿದ್ದ ಮುದುಕಿ ಬಂದು ಐರೀನ್‌ರ ಕೈ ಹಿಡಿದು, "ನಮ್ಮೂರಲ್ಲಿ ಸತ್ತಿದ್ರೂ ಇಷ್ಟು ಹೂ ಸಿಗ್ತಿರ್ಲಿಲ್ಲ ಮಾರಾಯ್ತಿ," ಎಂದರು. ಐರೀನ್‌ಗೆ ಅಂಥ ಹೊತ್ತಿನಲ್ಲೂ ಹೆಮ್ಮೆಯಾಯಿತು.

ಸ್ಮಶಾನದಲ್ಲಿ ಬಿಸಿಲಿತ್ತು. ಪೆಟ್ಟಿಗೆ ಕೆಳಗಿಳಿಯುವಾಗ ಮೊಗ್ಗು ಬಿರಿಯತೊಡಗಿ, ಘಮ ಹಿಂದೆ ನಿಂತವರ ತನಕ ಹೋಯಿತು. ಎಲ್ಲರಿಗಿಂತ ಹಿಂದೆ ಮಿಸೆಸ್ ಹಾರ್ಡಿಂಗ್ ನಿಂತಿದ್ದಳು. ಜನ ಚದುರಿದ ಮೇಲೆ ಹತ್ತಿರ ಬಂದಳು. ಚೀಲದಿಂದ ಪುಟ್ಟ ಪುಸ್ತಕ, ಪೆನ್ನು ತೆಗೆದು, ಬರುವ ವರ್ಷ ಎಲೆ ಯಾವ ವಾರ ಕೀಳಬೇಕು, ಗೆಲ್ಲು ಎಷ್ಟು ಸವರಬೇಕು ಎಂದು ಕೇಳಿದಳು.

ಐರೀನ್ ನಿಧಾನವಾಗಿ ಹೇಳಿದರು. ಆಕೆ ಶಾಲೆಯ ಹುಡುಗಿಯ ಹಾಗೆ ಒಂದೊಂದನ್ನೂ ಬರೆದುಕೊಂಡಳು. ಬರೆದು ಮುಗಿದಾಗ ಐರೀನ್ ಉಳಿದ ಹೂವಿನ ಗೇಣುದ್ದದ ಮಾಲೆ ತೆಗೆದು ಅವಳ ತಲೆಗೆ ಮುಡಿಸಲು ಹೋದರು. ಮೋಟುಗೂದಲು, ಹೂ ನಿಲ್ಲದು. ಐರೀನ್ ತಮ್ಮ ತುರುಬಿನ ಪಿನ್ನು ಕಿತ್ತರು. ನರೆತ ಜಡೆ ಬೆನ್ನ ಮೇಲೆ ಬಿಚ್ಚಿಕೊಂಡಿತು. ಮಿಸೆಸ್ ಹಾರ್ಡಿಂಗ್ ಪುಸ್ತಕವನ್ನು ಎದೆಗೊತ್ತಿಕೊಂಡು, ತನಗಿಂತ ಗಿಡ್ಡಗಿದ್ದ ಐರೀನ್‌ರ ಕೈಗೆಟುಕಲೆಂದು ತಲೆ ತಗ್ಗಿಸಿ ನಿಂತಳು.