ಪ್ರಶಸ್ತಿ ಪಡೆದ ಚಿತ್ರವಿರುವ ಗ್ರಂಥ

ಧಾರವಾಡದ ಆ ಸಣ್ಣ ವಾಚನಾಲಯದ ಎರಡು ಕಪಾಟುಗಳನ್ನು ಗೆದ್ದಲು ತಿಂದುಹಾಕಿದ್ದರಿಂದ ಅರ್ಧ ಪುಸ್ತಕಗಳು ಹೊರಗೆ ಹೋಗಲೇಬೇಕಿತ್ತು. ಯಾವ ಅರ್ಧ ಎಂಬುದನ್ನು ಕಾರ್ಯದರ್ಶಿ ವೆಂಕಣ್ಣನವರು ಒಂದೇ ಸಭೆಯಲ್ಲಿ ತೀರ್ಮಾನಿಸಿಬಿಟ್ಟರು.

"ಛಲೋ ಸಿನೇಮಾ ಆದ ಪುಸ್ತಕ ಇಟಗೊಳ್ಳೋದು, ಉಳದದ್ದು ರದ್ದಿಗೆ. ಸಿನೇಮಾದವರು ಓದಿ ಆರಿಸ್ಯಾರ, ಪ್ರಶಸ್ತಿ ಕೊಟ್ಟವರು ನೋಡಿ ಆರಿಸ್ಯಾರ. ಇಷ್ಟು ಮಂದಿ ದುಡದ ಮ್ಯಾಲೆ ನಾವ್ಯಾಕ ಮತ್ತ ಓದಿ ಕಣ್ಣು ಕೆಡಿಸಿಕೋಬೇಕು?"

ಸಿನೇಮಾ ಎಂಬುದು ಬಾಯಿಮಾತು, ಧಾರವಾಡದ ಗೋಡೆಗೆ ಒಪ್ಪುವುದಿಲ್ಲ ಎಂದು ನೋಟೀಸನ್ನು ಮಾತ್ರ ಶುದ್ಧ ಕನ್ನಡದಲ್ಲಿ ಬರೆದು ಅಂಟಿಸಿದರು: "ಪ್ರಶಸ್ತಿ ಪಡೆದ ಚಿತ್ರವಿರುವ ಗ್ರಂಥಗಳನ್ನು ಮಾತ್ರ ಉಳಿಸಿಕೊಳ್ಳಲಾಗುವುದು."

ನಿಘಂಟು ಮೊದಲ ದಿನವೇ ರದ್ದಿಗೆ ಬಿತ್ತು. ರೇಲ್ವೆ ವೇಳಾಪಟ್ಟಿ ಉಳಿಯಿತು. ಪ್ರಶಸ್ತಿ ಬಂದ ಸಿನೇಮಾಗಳಲ್ಲಿ ರೈಲು ಇದ್ದೇ ಇರುತ್ತದೆಂದು ಸದಸ್ಯರೊಬ್ಬರು ವಾದಿಸಿ ಗೆದ್ದರು.

ಮೂರನೆಯ ದಿನ ರದ್ದಿಯ ಗುಂಪಿನಲ್ಲಿ ಒಂದು ಹಳೆಯ ಕಾದಂಬರಿ ಕಂಡಾಗ, ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾಗಿದ್ದ ಸದಸ್ಯೆ ಗೋದಾಬಾಯಿಯವರು ಅದನ್ನು ಕೈಗೆತ್ತಿಕೊಂಡರು. ಅದರ ಮೇಲೆ ಯಾರೂ ಸಿನೇಮಾ ಮಾಡಿರಲಿಲ್ಲ, ಮಾಡುವಂಥದ್ದೂ ಅದರಲ್ಲಿ ಇರಲಿಲ್ಲ. ಆದರೆ ತಂಗಿ ತೀರಿಕೊಂಡ ವರ್ಷ ಅದನ್ನು ಓದುವಾಗ ಒಂದು ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ ಬರೆದದ್ದು ಕಂಡಿತ್ತು: "ಮುಂದಿನ ಪುಟದಾಗ ಅಳು ಬರತದ. ಮೊದಲ ಚಹಾ ಕುಡೀರಿ." ಅವರು ಎದ್ದು ಚಹಾ ಮಾಡಿಕೊಂಡಿದ್ದರು. ಬರೆದವರು ಯಾರೋ, ಇಂದಿಗೂ ಗೊತ್ತಿಲ್ಲ.

"ಇದೊಂದು ಇರಲಿ ಬಿಡ್ರಿ, ವೆಂಕಣ್ಣನವರ."

"ಬೇಕಾದ್ರ ಮನಿಗೆ ಒಯ್ರಿ."

"ಮನ್ಯಾಗ ಇಟ್ಟರ, ಮುಂದ ಓದವರಿಗೆ ಚಹಾ ಕುಡೀರಿ ಅಂತ ಯಾರು ಹೇಳಬೇಕು?"

"ಬಾಯಾರ, ನೋಟೀಸಿನಾಗ ಚಹಾದ ಮಾತಿಲ್ಲ. ಬರದದ್ದು ಬರದ್ಹಾಂಗ."

ಹೆಬ್ಬಳ್ಳಿಯಿಂದ ದಿನಾ ಬಸ್ಸಿಗೆ ಬರುವ ಜವಾನ ಗುರುಶಿದ್ದಪ್ಪ ರದ್ದಿಗೆ ಹಗ್ಗ ಬಿಗಿಯುತ್ತ ಎಲ್ಲ ಕೇಳಿಸಿಕೊಂಡ.

ಮರುದಿನ ಕಾದಂಬರಿಯ ಒಳರಟ್ಟಿನ ಮೇಲೆ ಒಂದು ಎತ್ತು ನಿಂತಿತ್ತು. ಅಂಟು ಇನ್ನೂ ಹಸಿ. ಎತ್ತಿಗೆ ಐದು ಕಾಲು. ಕೆಳಗೆ ಕೆಂಪು ಶಾಯಿಯಲ್ಲಿ: ತಾಲೂಕಾ ಚಿತ್ರಕಲಾ ಸ್ಪರ್ಧೆ, ದ್ವಿತೀಯ.

"ಏನೋ ಇದು?" ಎಂದರು ವೆಂಕಣ್ಣನವರು.

"ಚಿತ್ರ ರೀ. ನಾ ಏಳನೇ ಕ್ಲಾಸಿನ್ಯಾಗ ತಗದದ್ದು. ಪ್ರಶಸ್ತಿ ಬಂದೈತಿ. ನೋಟೀಸಿನ್ಯಾಗ ಇದ್ದಂಗ ಐತ್ರಿ."

"ಐದು ಕಾಲ ಅವಲ್ಲೋ!"

"ಒಂದು ಬಾಲ ರೀ. ಮಾಸ್ತರೂ ಇದನ್ನ ಕೇಳಿದ್ರು. ಅದಕ್ಕ ದ್ವಿತೀಯ."

"ಹುಚ್ಚಪ್ಪಾ, ಚಿತ್ರ ಅಂದ್ರ ಸಿನೇಮಾನೋ!"

ಅರ್ಥ ನೋಡಲು ನಿಘಂಟು ಬೇಕಾಯಿತು. ಅದು ರದ್ದಿಯ ಗಂಟಿನ ತಳದಲ್ಲಿತ್ತು. ಗುರುಶಿದ್ದಪ್ಪ ಸಾವಕಾಶ ಹಗ್ಗ ಬಿಚ್ಚಿದ. ಚಿತ್ರಕ್ಕೆ ಮೊದಲ ಅರ್ಥ ಬರೆದ ಪಟ, ಎರಡನೆಯದು ಆಶ್ಚರ್ಯ, ಸಿನೇಮಾ ಮೂರನೆಯದು. ವೆಂಕಣ್ಣನವರು ಮೂವತ್ತು ವರ್ಷದ ನೌಕರಿಯಲ್ಲಿ ತಾವು ಬರೆದದ್ದನ್ನು ಒಮ್ಮೆಯೂ ತಿದ್ದಿದವರಲ್ಲ. ಎತ್ತನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಾದಂಬರಿಯನ್ನು ತಾವೇ ಕಪಾಟಿನಲ್ಲಿಟ್ಟರು.

ಸಂಜೆ ಗೋದಾಬಾಯಿ ಹೊರಡುವಾಗ ವೆಂಕಣ್ಣನವರು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಕೋಳಿ ಸಾಕಣೆಯ ಪುಸ್ತಕ, ಅದರೊಳಗೆ ಮಡಿಸಿದ ಹಾಳೆ.

"ನಾ ಏನು ಕೋಳಿ ಸಾಕಾಂವ ಅಲ್ಲ್ರಿ," ಎಂದರು ದನಿ ತಗ್ಗಿಸಿ. "ಆದ್ರ ಬರದಾಂವ ಭಾಳ ಪ್ರೀತೀಲೆ ಬರದಾನ. ರದ್ದಿಗೆ ಹಾಕಲಿಕ್ಕೆ ಮನಸ್ಸಾಗವಲ್ದು. ಚಿತ್ರ ನಾನ ತಗದೀನಿ. ಪ್ರಶಸ್ತಿ ಒಂದು ಆಗಬೇಕು..."

ಹಾಳೆಯ ಮೇಲೆ ತಂಬಿಗೆಗೆ ಕೊಕ್ಕು ಬಂದಂತಿತ್ತು. ಗೋದಾಬಾಯಿ ನಗಲಿಲ್ಲ. ಕನ್ನಡಕ ಏರಿಸಿ, ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ಕೆಳಗೆ "ತೃತೀಯ" ಎಂದು ಬರೆದು ಸಹಿ ಮಾಡಿದರು.

ವೆಂಕಣ್ಣನವರ ಮುಖ ಸಣ್ಣದಾಯಿತು. "ಮೊದಲಿನವೆರಡು ಯಾರಿಗೆ ಹೋದೂರಿ?"

"ಯಾರಿಗೂ ಇಲ್ಲ. ನಾಳೆ ಚಿತ್ರ ಹಿಡಕೊಂಡು ಮಂದಿ ಭಾಳ ಬರತಾರ, ಅವರಿಗೆ ಬೇಕಾಗತಾವ."