ಎಲ್ಲರೂ ಶ್ರೀಮತಿಯರೇ

ರೋಗಿಗಳಿಗೆ ಫೋನು ಮಾಡುವುದು ಶುರುವಾಗುವ ಮೊದಲು ಆ ದಿನದ ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸುವುದು ಅವಳ ಪರಿಪಾಠ. ಇವತ್ತು ಮೊದಲ ಸಾಲಿನಲ್ಲೇ ಕಣ್ಣು ನಿಂತಿತು. ಹೆಸರಿನ ಜಾಗದಲ್ಲಿ ಶ್ರೀಮತಿ. ಅದರ ಕೆಳಗೂ ಶ್ರೀಮತಿ, ಅದರ ಕೆಳಗೂ ಶ್ರೀಮತಿ. ನಡುವೆ ಎಲ್ಲೋ ಒಬ್ಬಳು ಕುಮಾರಿ.

“ಏನೇ ಇದು?” ಫೋನಿನ ಮೇಜಿನ ಅಕ್ಕ ಆಗಲೇ ಕೂಗಿದಳು. “ನಂಬರ್ ಜಾಗದಲ್ಲಿ ಐವತ್ತೆರಡು ಅಂತಿದೆ. ಐವತ್ತೆರಡಕ್ಕೆ ಹೊಡೆದ್ರೆ ಯಾರೆತ್ತುತ್ತಾರೆ, ಯಮನಾ?”

ಪ್ರಯೋಗಾಲಯದ ಫ್ರಿಜ್ ಕೆಟ್ಟು ಮುನ್ನೂರ ಹನ್ನೆರಡು ಹೆಂಗಸರ ರಕ್ತದ ಮಾದರಿ ಹಾಳಾಗಿತ್ತು. ತಪ್ಪು ವರದಿ ಹಿಡಿದು ಅವರು ಡಾಕ್ಟರ ಬಳಿ ಹೋಗುವ ಮೊದಲೇ ಕರೆ ಮಾಡಿ ಹೇಳಬೇಕು. ಉದ್ದುದ್ದ ವರದಿಗಳಿಂದ ಹೆಸರು, ವಯಸ್ಸು, ಫೋನ್ ನಂಬರ್ ಹೆಕ್ಕಲು ಅವಳು ಹಿಂದೆಯೇ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆದಿಟ್ಟಿದ್ದಳು; ದಿನದಿನದ ಪಟ್ಟಿಯೂ ಅದರಿಂದಲೇ ಬರುತ್ತಿತ್ತು. ಒಂದೇ ಸಾಲಿನ ಸೂತ್ರ. ಮೂರು ಕಂಸ, ಹೆಕ್ಕಿದ್ದನ್ನು ತುಂಬಿಕೊಳ್ಳಲು ಮೂರು ಚೀಲ. ಮೊದಲನೆಯದರಲ್ಲಿ ಹೆಸರು, ಎರಡನೆಯದರಲ್ಲಿ ವಯಸ್ಸು, ಮೂರನೆಯದರಲ್ಲಿ ನಂಬರು. ಕಂಪ್ಯೂಟರ್ ಯಂತ್ರಕ್ಕೆ ಗೊತ್ತಿದ್ದದ್ದು ಎಷ್ಟನೆಯ ಚೀಲ ಎಂಬ ಎಣಿಕೆ ಮಾತ್ರ.

“ಸರ್, ಸೂತ್ರಕ್ಕೆ ಕೈ ಹಾಕಿದ್ರಾ?”

“ಒಂದೇ ಒಂದು ಕಂಸ ಕಣಮ್ಮಾ, ಮುಂದುಗಡೆ,” ಎಂದರು ಮೇಲಧಿಕಾರಿ. “ಶ್ರೀಮತಿ, ಕುಮಾರಿ ಬೇರೆಯಾಗಿ ಬರಲಿ ಅಂತ. ಮರ್ಯಾದೆಯಾಗಿ ಮಾತಾಡಿಸಬೇಕಲ್ವಾ?”

“ನೀವು ಮುಂದೆ ಒಬ್ಬರನ್ನ ಕೂರಿಸಿದ್ರಿ, ಹಿಂದಿನವರೆಲ್ಲ ಒಂದೊಂದು ಸೀಟು ಜರುಗಿದ್ರು. ಹೆಸರು ವಯಸ್ಸಾಯ್ತು, ವಯಸ್ಸು ಫೋನಾಯ್ತು.”

“ಅಷ್ಟೇ ತಾನೇ? ನಿನಗೆ ಐದು ನಿಮಿಷದ ಕೆಲಸ.”

ತಿಂಗಳಲ್ಲಿ ಇದು ಮೂರನೆಯ ಐದು ನಿಮಿಷ. ಮನೆಯಲ್ಲೂ ಅಷ್ಟೇ: ಅತ್ತೆಯ ಲೆಕ್ಕದಲ್ಲಿ ಎಡಗಡೆಯಿಂದ ಎರಡನೇ ಡಬ್ಬಿ ಉಪ್ಪು, ಮೂರನೇದು ಸಕ್ಕರೆ. ಹೋದ ವಾರ ನಾದಿನಿ ಸಾಲಿನ ಮೊದಲಿಗೆ ಹೊಸ ಡಬ್ಬಿಯೊಂದನ್ನು ತಂದಿಟ್ಟಳು, ಮನೆಮಂದಿಯೆಲ್ಲ ಉಪ್ಪಿನ ಚಹಾ ಕುಡಿದರು. “ನೀನಾದ್ರೂ ನೋಡಬಾರದಿತ್ತೇನೇ?” ಎಂದು ಬೈಸಿಕೊಂಡವಳು ಮಾತ್ರ ಇವಳು. ಇಟ್ಟವರು ಯಾರೋ, ನೋಡಬೇಕಾದವಳು ಯಾವತ್ತೂ ತಾನೇ.

ಹಲ್ಲು ಕಚ್ಚಿ ಕೂತಳು. ಈ ಸಲ ಎಣಿಕೆಯ ಸಹವಾಸವೇ ಬೇಡ. ಪ್ರತಿ ಕಂಸದ ಬಾಯಲ್ಲೂ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟು, < > ಎಂಬ ಕೋನದ ಗುರುತುಗಳ ನಡುವೆ ಅದರದೇ ಹೆಸರು ಬರೆದಳು: ರೋಗಿ, ವಯಸ್ಸು, ಫೋನ್. ಬೇಕಾದ್ದನ್ನು ಇನ್ನು ಹೆಸರು ಹಿಡಿದೇ ಕೇಳಬಹುದು. ಮುಂದೆ ಯಾರು ಬಂದು ಕೂತರೂ ಇವು ಅಲುಗುವುದಿಲ್ಲ. ಓಡಿಸಿದಳು. ಮೊದಲ ಸಾಲಿನಲ್ಲಿ ನಿಜವಾದ ಹೆಸರೊಂದು ಬಂತು, ಐವತ್ತೆರಡು ವಯಸ್ಸಿನ ಜಾಗಕ್ಕೆ ಮರಳಿತು.

ಅಕ್ಕ ಫೋನು ಹಚ್ಚಿದಳು. ಸ್ವಲ್ಪ ಹೊತ್ತಿಗೆ ಇತ್ತ ತಿರುಗಿ, “ಪಾಪ, ಆ ಮೊದಲನೇ ಹೆಂಗಸು ಡಾಕ್ಟರ ಹತ್ರ ಹೊರಡೋಕೆ ಚಪ್ಪಲಿ ಮೆಟ್ಟಿದ್ಲಂತೆ ಕಣೇ,” ಎಂದಳು.

ಮೇಲಧಿಕಾರಿ ಪರದೆಗೆ ಬಗ್ಗಿದರು. “ಇದೇನಮ್ಮಾ ಹನುಮಂತನ ಬಾಲ! ಇವತ್ತಿಗೆ ಇರಲಿ. ನಾಳೆ ಮೊದಲಿನ ಹಾಗೆ ಚಿಕ್ಕದು ಮಾಡಿಡು, ನನಗೂ ಕೈಯಾಡಿಸೋಕೆ ಸುಲಭ.”

“ಆಯ್ತು ಸರ್.”

ಆ ಮಾತು ಅವಳ ಬಾಯಿಗೆ ಎಂದೋ ಅಂಟಿಕೊಂಡದ್ದು. ಆದರೆ ಅವರು ಅತ್ತ ಹೋಗುತ್ತಲೇ ಹಳೆಯ ಚಿಕ್ಕ ಸೂತ್ರವನ್ನು ಅವರು ಯಾವಾಗಲೂ ತೆರೆಯುವ ಕಡತದಲ್ಲೇ ಒಪ್ಪವಾಗಿ ಇಟ್ಟಳು. ಹೆಸರುಗಳಿದ್ದ ಉದ್ದನೆಯದನ್ನು ಬೇರೆ ಕಡೆ ಉಳಿಸಿ, ಯಂತ್ರಕ್ಕೆ ಅದರ ದಾರಿ ತೋರಿಸಿದಳು. ನಾಳೆಯೂ ಅದೇ ಓಡುತ್ತದೆ, ನಾಡಿದ್ದೂ. ಆ ಹಳೆಯದರಲ್ಲಿ ಅವರು ಎಷ್ಟು ಬೇಕಾದರೂ ಕಂಸ ಹಾಕಿಕೊಳ್ಳಲಿ.

“ಏನೇ, ಒಬ್ಬಳೇ ನಗ್ತಾ ಇದೀಯ?” ಎಂದಳು ಅಕ್ಕ.

“ಏನಿಲ್ಲಕ್ಕಾ. ಮುಂದಿನ ನಂಬರ್ ಹೊಡೀರಿ.”