ಸಾವ್ಕಾರರ ಪಕ್ಕದ ಜಾಗ

ನನ್ನ ಅಪ್ಪನಿಗೆ ಕೂರಲು ಬರುವುದಿಲ್ಲ. ನಗಬೇಡಿ, ನಿಜವಾಗಿಯೇ ಹೇಳುತ್ತಿದ್ದೇನೆ. ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಮೂವತ್ತೆರಡು ವರ್ಷ ದುಡಿದ ಹೊನ್ನೂರಪ್ಪ ಎಂಬ ಈ ಮನುಷ್ಯ, ಗಿರಣಿಯ ಮಾಲೀಕ ಕೊಟ್ರಬಸಪ್ಪ ಸಾವ್ಕಾರರ ಎದುರಿಗೆ ಒಂದು ಸಲವೂ ಕೂತವನಲ್ಲ. ನಾವು ದಲಿತರ ಓಣಿಯವರು. ಕೂತುಕೋ ಎಂದು ಅವರೂ ಹೇಳಲಿಲ್ಲ, ಕೂರಬಹುದೆಂದು ಅಪ್ಪನಿಗೂ ಹೊಳೆಯಲಿಲ್ಲ.

ಈಗ ಅಪ್ಪ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಮಗಳಾದ ನನ್ನ ಜೊತೆಗಿದ್ದಾನೆ. ನಾನು ಬ್ಯಾಂಕ್ ಮ್ಯಾನೇಜರ್. ಅಪ್ಪ ಬ್ಯಾಂಕಿಗೆ ಬಂದರೆ ಅಟೆಂಡರ್ ಹಾದುಹೋದಾಗಲೂ ದಡಕ್ಕನೆ ಎದ್ದು ನಿಲ್ಲುತ್ತಾನೆ. ನನಗೆ ಮೈಯೆಲ್ಲ ಉರಿಯುತ್ತದೆ.

ಅದಕ್ಕೇ ಕಳೆದ ಡಿಸೆಂಬರಿನಲ್ಲಿ ಅಪ್ಪನನ್ನು ಆಲ್ಪ್ಸ್ ಬೆಟ್ಟಗಳಿಗೆ ಕರೆದುಕೊಂಡು ಹೋದೆ. ಬಳ್ಳಾರಿಯ ಟ್ರಾವೆಲ್ಸ್‌ನವರು ಸ್ವಿಟ್ಜರ್ಲೆಂಡಿನ ಒಂದು ಸಣ್ಣ ಊರಲ್ಲಿ ಆರು ದಿನ ಹಿಮದ ಆಟ ಆಡಿಸಿ ಕರೆತರುತ್ತಿದ್ದರು. ನಮ್ಮ ಓಣಿ ಯಾವುದು ಎಂದು ಯಾರೂ ಕೇಳದ ಜಾಗದಲ್ಲಿ ನನ್ನಪ್ಪ ಒಮ್ಮೆ ನಿರಾಳವಾಗಿ ಕೂರುವುದನ್ನು ನಾನು ನೋಡಬೇಕಿತ್ತು. ನನಗೆ ಬೇಕಿದ್ದದ್ದು ಅಷ್ಟೇ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ನನ್ನ ಲೆಕ್ಕ ತಲೆಕೆಳಗಾಯಿತು. ನಮ್ಮ ಹದಿನೆಂಟು ಜನರ ಗುಂಪಿನಲ್ಲಿ ಕೊಟ್ರಬಸಪ್ಪನವರೂ ಅವರ ಹೆಂಡತಿ ವೀರಭದ್ರಮ್ಮನವರೂ ಇದ್ದರು. ಅವರನ್ನು ಕಂಡದ್ದೇ ಅಪ್ಪ ನನ್ನ ಸೂಟ್‌ಕೇಸನ್ನು ಅಲ್ಲೇ ಬಿಟ್ಟು ಅವರದನ್ನು ಎತ್ತಿಕೊಂಡ.

ಆದರೆ ಹಿಮಕ್ಕೆ ಇಳಿದ ಮೊದಲ ದಿನ ಅಪ್ಪ ಎಲ್ಲರ ಬಾಯಿ ಮುಚ್ಚಿಸಿದ. ಗಿರಣಿಯಲ್ಲಿ ಕುದಿಸಿದ ಭತ್ತವನ್ನು ಸಿಮೆಂಟಿನ ಕಣದಲ್ಲಿ ಹರಡಿ, ಪಾದ ಎತ್ತದೆ ಎಳೆಯುತ್ತ ನಡೆದು ಸಾಲು ಸಾಲಾಗಿ ತಿರುವಿ ಹಾಕುತ್ತಾರೆ. ಮೂವತ್ತೆರಡು ವರ್ಷ ಹಾಗೆ ನಡೆದ ಕಾಲುಗಳಿಗೆ ಹಿಮದ ಮೇಲೆ ಜಾರುವ ಸ್ಕೀ ಪಟ್ಟಿ ಕಟ್ಟಿದರೆ ಏನಾದೀತು? ಉಳಿದವರು ದಬಾ ದಬಾ ಬೀಳುತ್ತಿರುವಾಗ ಅಪ್ಪ ಮೊಣಕಾಲು ಬಗ್ಗಿಸಿ, ಕೈ ಬಿಟ್ಟು, ಇಳಿಜಾರಿನ ತುದಿಯವರೆಗೆ ಜಾರಿ ಹೋಗಿ ನಿಂತ. ಜಾರುವುದನ್ನು ಕಲಿಸುವಾಕೆ ಚಪ್ಪಾಳೆ ತಟ್ಟಿದಳು. ನಾನು ಹೆಮ್ಮೆಯಿಂದ ಬೀಗಿದೆ.

ಮೂರನೆಯ ದಿನ ಮೇಲಿನ ಬೆಟ್ಟಕ್ಕೆ ಹೋಗಬೇಕಿತ್ತು. ಹೋಗಲು ಚೇರ್‌ಲಿಫ್ಟ್. ತಂತಿಗೆ ನೇತುಬಿದ್ದ ಜೋಡಿ ಕುರ್ಚಿ ಹಿಂದಿನಿಂದ ಬಂದು ಮೊಣಕಾಲಿಗೆ ತಾಗುತ್ತದೆ, ಆ ಗಳಿಗೆಯಲ್ಲೇ ಇಬ್ಬರೂ ಕೂತುಬಿಡಬೇಕು. ಗೈಡ್ ನಮ್ಮನ್ನು ಇಬ್ಬಿಬ್ಬರಾಗಿ ನಿಲ್ಲಿಸಿದ. ಅಪ್ಪನ ಪಾಲಿಗೆ ಬಂದವರು ಸಾವ್ಕಾರರು. ಕುರ್ಚಿ ಬಂತು, ಅವರು ಕೂತರು. ಅಪ್ಪ ಮಾತ್ರ ರೂಢಿಯಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಕುರ್ಚಿಯ ಅಂಚು ತೊಡೆಗೆ ಬಡಿದು ಹಿಮದಲ್ಲಿ ಮಕಾಡೆ ಬಿದ್ದ. ಲಿಫ್ಟ್ ನಿಲ್ಲಿಸಿದರು. ಹಿಂದಿನ ಸಾಲಿನವರು ಅಯ್ಯೋ ಪಾಪ ಎಂಬಂತೆ ನೋಡಿದರು. ಅಪ್ಪನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಏಟಾಯಿತೇ ಎಂದು ಕೇಳುವುದನ್ನೂ ಮರೆತೆ.

ಮರುದಿನ ಮತ್ತೆ ಅದೇ ಜೋಡಿ. ಈ ಸಲ ಸಾವ್ಕಾರರೇ ಅಪ್ಪನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದು ಕೂರಿಸಿಕೊಂಡರು. ಹಿಂದಿನ ಕುರ್ಚಿಯಲ್ಲಿ ವೀರಭದ್ರಮ್ಮನವರ ಮಂಡಿನೋವಿನ ಕಥೆ ಕೇಳುತ್ತ ನಾನಿದ್ದೆ. ಮುಂದೆ ಎರಡು ಬೆನ್ನುಗಳು ಅಕ್ಕಪಕ್ಕ ಕಾಣುತ್ತಿದ್ದವು. ನನಗೆ ಕಣ್ಣು ತುಂಬಿ ಬಂತು.

ಮೇಲೆ ಇಳಿದ ಮೇಲೆ ಅಪ್ಪ ಮಂಕಾಗಿದ್ದ. ಏನಾಯಿತೆಂದು ಬಿಡದೆ ಕೇಳಿದೆ.

"ಸಾವ್ಕಾರ್ರು ಚಲೋ ಮಾತಾಡಿದ್ರವ್ವ. 'ಹಿಂದಕ್ಕ ಸರಿದು ಆರಾಮ ಕುಂಡ್ರೋ ಹೊನ್ನೂರ, ಇಲ್ಲಿ ನಮ್ಮ ಊರೋರು ಯಾರೂ ನೋಡಂಗಿಲ್ಲ' ಅಂದ್ರು."

ಈಗಲೇ ಹೋಗಿ ಕೇಳುತ್ತೇನೆ ಎಂದು ಹೊರಟವಳನ್ನು ಅಪ್ಪ ತಡೆದ. ಅವರು ಕೆಟ್ಟ ಮನಸ್ಸಿನಿಂದ ಹೇಳಿಲ್ಲ ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ ಎಂದೆ. ಅಪ್ಪ ಉಳಿದ ಎರಡು ದಿನ ಲಿಫ್ಟಿನ ಕಡೆ ತಲೆಯನ್ನೂ ಹಾಕದೆ ಕೆಳಗಿನ ಇಳಿಜಾರಿನಲ್ಲೇ ಜಾರಿದ. ಇಷ್ಟು ದೂರ ಬಂದರೂ ಅಪ್ಪ ಬದಲಾಗಲಿಲ್ಲ ಎಂದುಕೊಂಡು ನಾನು ಮುಖ ಗಂಟಿಕ್ಕಿಕೊಂಡೇ ವಾಪಸ್ ಬಂದೆ.

ಸಂಕ್ರಾಂತಿಯಾದ ವಾರಕ್ಕೆ ಸಾವ್ಕಾರರ ಫೋನ್ ಬಂತು. ಪ್ರವಾಸದ ಫೋಟೋಗಳೆಲ್ಲ ನನ್ನ ಮೊಬೈಲಿನಲ್ಲಿದ್ದವು. ಅಪ್ಪನನ್ನೂ ಕರೆದುಕೊಂಡು ಗಿರಣಿಗೆ ಬನ್ನಿ, ನಾಲ್ಕು ಜನ ನೋಡಲಿ ಎಂದರು. ನನಗೆ ಇಷ್ಟವಿರಲಿಲ್ಲ. ಅಪ್ಪನೇ ಬಿಳಿ ಅಂಗಿ ತೊಟ್ಟು ತಯಾರಾಗಿ ನಿಂತಿದ್ದ.

ಗಿರಣಿಯ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಐದಾರು ಅಕ್ಕಿ ವ್ಯಾಪಾರಿಗಳು ಕೂತಿದ್ದರು. ನಡುವೆ ಸಾವ್ಕಾರರು ಹಿಮದ ಕಥೆ ಹೇಳುತ್ತಿದ್ದರು. ಆಚೆ ಕಣದಲ್ಲಿ ಭತ್ತ ತಿರುವುತ್ತಿದ್ದ ಹತ್ತು ಹನ್ನೆರಡು ಜನ ಕೆಲಸ ನಿಲ್ಲಿಸಿ ನಿಂತು ಕೇಳುತ್ತಿದ್ದರು. ಅಪ್ಪನ ಜೊತೆ ದುಡಿದ ದುರ್ಗೇಶನೂ ಅವರಲ್ಲಿದ್ದ. ಸಾವ್ಕಾರರು ನನಗೆ ಬರ್ರಿ ಮೇಡಂ, ಕುಂಡ್ರಿ ಎಂದು ತಮ್ಮ ಪಕ್ಕದ ಖಾಲಿ ಕುರ್ಚಿ ತೋರಿಸಿದರು. ಅಪ್ಪನಿಗೆ ಏನೂ ಹೇಳಲಿಲ್ಲ. ಹೇಳಬೇಕೆಂದು ಅವರಿಗೆ ಹೊಳೆದೂ ಇರಲಿಕ್ಕಿಲ್ಲ. ನಾನು ಹಟಕ್ಕೆ ಬಿದ್ದು ನಿಂತೇ ಇದ್ದೆ.

ಅಪ್ಪ ಕಣದ ಕಡೆ ಒಮ್ಮೆ ನೋಡಿದ. ಆಮೇಲೆ ಸೀದಾ ಹೋಗಿ ಆ ಕುರ್ಚಿಯಲ್ಲಿ ಕೂತ. ಬೆನ್ನು ಆನಿಸಿ ಕೂತ.

ಸಾವ್ಕಾರರು ಅಪ್ಪನನ್ನು ನೋಡಲಿಲ್ಲ, ವ್ಯಾಪಾರಿಗಳ ಮುಖ ನೋಡಿದರು. ಒಬ್ಬರು ಕೆಮ್ಮಿದರು, ಇನ್ನೊಬ್ಬರು ವಾಚು ನೋಡಿಕೊಂಡರು. ಕೊನೆಗೆ ಸಾವ್ಕಾರರು, ನಮ್ಮೆಲ್ಲರಿಗಿಂತ ಹೊನ್ನೂರಪ್ಪನೇ ಚೆಂದ ಜಾರಿದ್ದು ಎಂದರು. ವ್ಯಾಪಾರಿಯೊಬ್ಬರು ಹಿಮ ಹೇಗಿರುತ್ತದೆ ಎಂದು ಅಪ್ಪನನ್ನೇ ಕೇಳಿದರು. ಅಪ್ಪ ಕೂತಲ್ಲಿಂದಲೇ ಕಾಲು ಗಂಟೆ ಹೇಳಿದ. ಕಣದವರು ಕೆಲಸಕ್ಕೆ ಹೋಗದೆ ಅಪ್ಪನನ್ನೇ ನೋಡುತ್ತಿದ್ದರು.

ವಾಪಸ್ ಬರುವಾಗ ತೆಕ್ಕಲಕೋಟೆ ದಾಟಿದೆವು. ಪಕ್ಕದ ಸೀಟಿನಲ್ಲಿ ಅಪ್ಪನ ಮೊಣಕಾಲುಗಳು ಗಡಗಡ ನಡುಗುತ್ತಿದ್ದದ್ದು ಕಣ್ಣಿಗೆ ಬಿತ್ತು. ಹೆದರಿಕೆಯಾಯಿತೇ ಎಂದು ಕೇಳಿದೆ.

"ಹೂಂ ಅವ್ವಾ. ಆ ಗುಡ್ಡದ ಮ್ಯಾಲ ಹಿಂಗ ಆಗಿರಲಿಲ್ಲ. ಅಲ್ಲಿ ಬಿದ್ರೂ ನಾನೊಬ್ಬನ ಬಿದ್ದೆ. ಇಲ್ಲಿ ನಾನು ಎದ್ದುಬಿಟ್ಟಿದ್ರ, ಆ ಕಣದಾಗ ನಿಂತೋರು ಯಾರೂ ಇನ್ನ ಯಾವತ್ತೂ ಕುಂಡ್ರತಿರಲಿಲ್ಲ."

ನಾನು ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿ ಆ ಮೊಣಕಾಲುಗಳ ಮೇಲೆ ಕೈ ಇಟ್ಟೆ. ನಡುಕ ನಿಲ್ಲಲು ಬಹಳ ಹೊತ್ತು ಹಿಡಿಯಿತು.